ನೀರು ಮೊದಲು ಬಂದ ಓಣಿ

ಬಿ.ಎ. ಮೊದಲ ಸೆಮಿಸ್ಟರು, ಮೂರನೆಯ ಪಾಠ:
ಸಾಮಾಜಿಕ ಶ್ರೇಣೀಕರಣ.
ಕರಿಹಲಗೆಯ ಮೇಲೆ ಏಣಿ ಬರೆದೆ.
ಐದನೆಯ ಮೆಟ್ಟಿಲಿಗೆ ಖಡು ಮುರಿಯಿತು.
ಎಲ್ಲರೂ ಇಳಿಸಿಕೊಂಡರು, ಕೆಲವರು ಸ್ಕೇಲು ಹಿಡಿದು;
ಹತ್ತು ಅಂಕದ ಪ್ರಶ್ನೆ, ಬಂದೇ ಬರುತ್ತದೆ.

ನವನಗರದ ಈ ಕಾಲೇಜಿಗೆ ನಾನು ಅತಿಥಿ.
ಅತಿಥಿಗೆ ಇಲ್ಲಿ ತಾಸಿನ ಲೆಕ್ಕ,
ಜುಲೈ ತಿಂಗಳ ಪಗಾರ
ದೀಪಾವಳಿ ದಾಟಿದರೂ ಇನ್ನೂ ದಾರಿಯಲ್ಲಿದೆ.
ಸ್ಟಾಫ್ ರೂಮಿನಲ್ಲಿ ಕಾಯಂ ಮಂದಿಯ ಕುರ್ಚಿಗೆ ಟವೆಲು,
ನನ್ನದಕ್ಕೆ ಕಿಟಕಿಯ ಬಿಸಿಲು.
ಇದು ಸಿಲೆಬಸ್ಸಿನಲ್ಲಿ ಇಲ್ಲ.

ಕ್ಷೇತ್ರಕಾರ್ಯಕ್ಕೆ ತಲಾ ಐದು ಮನೆ ಹಂಚಿದೆ:
ಯಜಮಾನರ ಹೆಸರು, ಉದ್ಯೋಗ, ಮಾಸಿಕ ಆದಾಯ,
ಸ್ಥಳಾಂತರಗೊಂಡ ವರ್ಷ.
ಯಮನವ್ವ ಮಾದರ, ಹಾಜರಿ ಸಂಖ್ಯೆ ನಲವತ್ತೊಂದು
(ಅಡ್ಡಹೆಸರು ಬಂದಾಗ ನನ್ನ ದನಿ
ನನಗೇ ತಿಳಿಯದಂತೆ ಸಣ್ಣದಾಗುತ್ತದೆ,
ಅವಳ "ಎಸ್ ಸರ್" ಮಾತ್ರ ಗೋಡೆಗೆ ಬಡಿಯುತ್ತದೆ)
ತಂದದ್ದು ನಾಲ್ಕೇ ಫಾರ್ಮು.
ಐದನೆಯದು ಅವಳ ಅಜ್ಜಿ,
ಬಿಳಿ ಹಾಳೆಯ ಹಿಂದೆ, ಓರೆಯಾಗಿ, ಅಂಚು ದಾಟಿ:

"ಹಳೇ ಬಾಗಲಕೋಟಿ ಮುಳಗೂ ಮುಂದ
ನೀರು ಎಲ್ಲಾರಿಗೂ ಒಂದ ಅಂತಿದ್ರವ್ವಾ.
ಮೊದಲ ಬಂದದ್ದು ನಮ್ಮ ಓಣಿಗೆ.
ತಗ್ಗಿನ್ಯಾಗ ಇಟ್ಟಿದ್ರಲ್ಲ ನಮ್ಮನ್ನ, ಹೊಳಿ ಬಾಜೂಕ.
ಮ್ಯಾಲ ಪ್ಯಾಟ್ಯಾಗ ಅಂಗಡಿ ತೆರದಿದ್ವು,
ಟಾಕೀಜಿನ್ಯಾಗ ಸಿನಿಮಾ ನಡದಿತ್ತು,
ನಾವು ಹಂಚು ಆರೂದ್ರಾಗ ಹೊತಗೊಂಡ ಹ್ವಾದ್ವಿ.
ಮುಂದ ಅವರಿಗೂ ಬಂತು, ಎರಡು ವರ್ಷಕ್ಕೋ ಮೂರಕ್ಕೋ.
ಆವಾಗ ಪೇಪರದವರು ಬಂದ್ರು."

ಈ ಊರಲ್ಲಿ ಓಣಿ ಇಲ್ಲವಲ್ಲ ಯಮನವ್ವ, ಎಂದೆ,
ಬರೀ ಸೆಕ್ಟರು, ಬರೀ ನಂಬರು.
"ಅದಕ್ಕ ಸರ," ಅಂದಳು ಚೀಲ ಹೆಗಲಿಗೇರಿಸಿ,
"ನಂಬರ ಹೇಳಿದ್ರ ಸಾಕು,
ಯಾರೂ ಅಡ್ಡಹೆಸರ ಕೇಳೂದಿಲ್ಲ."

ಕೆಂಪು ಪೆನ್ನಿಗೆ ಏನೋ ಬರೆಯಬೇಕಿತ್ತು.
ಮಾದರಿಯ ಗಾತ್ರ ಸಾಲದು, ಎಂದು ಬರೆದೆ.
ಹೊಡೆದುಹಾಕಿದೆ.
ಹೊಡೆದದ್ದು ಕಾಣುತ್ತದೆಂದು ಇನ್ನಷ್ಟು ಗೀಚಿದೆ.

ಕೋಣೆ ಖಾಲಿ. ಹಲಗೆ ಯಾರೂ ಒರೆಸಿರಲಿಲ್ಲ.
ಬುಡ ಎಲ್ಲಿ ಊರಿದ್ದೆ ಎಂದು ನೋಡಿದೆ ಏಣಿಗೆ.
ಊರಿರಲೇ ಇಲ್ಲ.
ನಟ್ಟನಡುವೆ, ಕಪ್ಪಿನ ಮೇಲೆ,
ತೇಲುತ್ತಿತ್ತು.