ಕೊಂಬನ ಪಾಲು

ಬೆಳಗ್ಗೆ ಆರಕ್ಕೆ, ಚಹಾಕ್ಕೂ ಮೊದಲು,
ಹಿಕ್ಕೆ ಜರಡಿ ಹಿಡಿಯುವುದು ನನ್ನ ಕೆಲಸ.
ಜೀರುಂಡೆಯ ರೆಕ್ಕೆಚೂರು, ಗೆದ್ದಲಿನ ತಲೆ,
ಅತ್ತಿಯ ಸಣ್ಣ ಬೀಜ,
ಮತ್ತೆ ಜೇನುಬಣ್ಣದ ಒಂದು ಅಂಟು:
ಬಾಚಣಿಗೆಯಂಥ ಕೆಳಹಲ್ಲಲ್ಲಿ
ಜಾಲಿಯ ತೊಗಟೆ ಕೆರೆದು ಕೆರೆದು
ರಾತ್ರಿಯೆಲ್ಲ ನೆಕ್ಕಿದ ಗೋಂದು.

ಕಿಲಿಫಿಯ ಕಚೇರಿ ಕೊಟ್ಟ ಪುಸ್ತಕಕ್ಕೆ ಐದು ಕಲಮು.
ಹಣ್ಣು, ಹುಳ, ಅಂಟು, ಹೂವಿನ ರಸ, ಇತರೆ.
ಇತರೆ ಎಂಬಲ್ಲಿ ಒಮ್ಮೆ ಹಲ್ಲಿಯ ಬಾಲ,
ಒಮ್ಮೆ ಯಾರದೋ ಸ್ವೆಟರಿನ ಕೆಂಪು ನೂಲು.

ಕೊಂಬ ಅಂದರೆ ನಮ್ಮ ಕಡೆ ಕುಡುಕನೂ ಹೌದು.
ಮದುವೆಮನೆಯಲ್ಲಿ ತೂರಾಡಿದವನಿಗೆ ಅದೇ ಹೆಸರು.
ಅಪ್ಪ ಸಂಜೆ ತೆಂಗಿನ ತಲೆಗೆ ಕಟ್ಟಿದ ಬುರುಡೆ
ಬೆಳಗ್ಗೆ ಅರ್ಧವಾಗಿ ಇಳಿಯುತ್ತಿತ್ತು.
"ಇನ್ನರ್ಧ ಕೊಂಬನ ಪಾಲು" ಎನ್ನುತ್ತಿದ್ದ,
ಮೀಸೆ ಒರೆಸಿಕೊಂಡು,
ಅವ್ವನ ಮುಖ ನೋಡದೆ.
ನನಗೆ ಏಳು ವರ್ಷ. ನಂಬಿದ್ದೆ.
ಆ ಮುಷ್ಟಿಯಷ್ಟು ಮೈಗೆ ಎರಡು ಸೇರು ಹೆಂಡ
ಹೇಗೆ ಹಿಡಿಸೀತೆಂದು ಕೇಳಲೇ ಇಲ್ಲ.

ಈ ಸಲ ಕೆಂಪು ಟಾರ್ಚು ಹಿಡಿದು
ಅಪ್ಪನ ಮರದ ಎದುರೇ ಕೂತೆ, ಹನ್ನೊಂದು ರಾತ್ರಿ.
ಬಂತು.
ನಾಲ್ಕೇ ರಾತ್ರಿ ಬಂತು.
ಗರಿಯ ಸಂದಿಯಲ್ಲಿ ಎರಡು ಕೆಂಡ.
ತನ್ನ ಉಚ್ಚೆಯಲ್ಲೇ ಅಂಗೈ ತೊಳೆದು, ಅದರ ಮಡಿ ಅದಕ್ಕೆ,
ಬುರುಡೆಯ ಬಾಯಿಗೆ ಇಳಿಯಿತು.
ಹುಳಿವಾಸನೆಗೆ ಬಂದು ಮುಳುಗಿದ ಪತಂಗಗಳನ್ನು
ಒಂದೊಂದೇ ಎತ್ತಿ, ರೆಕ್ಕೆ ಕಿತ್ತೆಸೆದು,
ತಲೆಯಿಂದ ಶುರುಮಾಡಿ ಕುಟುಕುಟು ತಿಂದು ಹಾರಿತು.
ಕುಡಿದದ್ದು, ಬೆರಳಿಗೆ ಅಂಟಿದಷ್ಟು.

ಅಪ್ಪ ಬಂದದ್ದು ಹನ್ನೊಂದೂ ಬೆಳಗು.
ಕತ್ತಲು ಹರಿಯುವ ಮುಂಚೆ,
ಕಾಂಡದ ಕಚ್ಚುಗಳಲ್ಲಿ ಬೆರಳೂರಿ ಹತ್ತಿ
ಅಲ್ಲೇ ಕೂತ. ಎಷ್ಟೋ ಹೊತ್ತು.
ಗಂಟಲ ಸದ್ದು ಕೆಳಗೆ ಕೇಳುತ್ತಿತ್ತು.
ನಾನು ಟಾರ್ಚು ಆರಿಸಿದೆ.

ಪುಸ್ತಕ ತೆರೆದು ಕೂತಾಗ
ಅವ್ವ ಮರಗೆಣಸು ಸುಲಿಯುತ್ತಿದ್ದಳು.
"ಏನಂತೆ ಉಮಾಜಿ, ನಿನ್ನ ಕೊಂಬ?"
"ಹುಳ ತಿನ್ನುತ್ತೆ. ಅಂಟು ತಿನ್ನುತ್ತೆ."
"ಮತ್ತೆ?"
"ಇತರೆ."
ಚಾಕು ನಿಲ್ಲಲಿಲ್ಲ.
"ಮೂವತ್ತು ವರ್ಷದಿಂದ ನೋಡ್ತಿದೀನಿ ಆ ಕೊಂಬನ್ನ.
ಈಗ ಹಲ್ಲು ಉದುರಿದೆ, ಮೊಣಕಾಲು ನಡುಗುತ್ತೆ.
ಅಷ್ಟೆತ್ತರ ಯಾಕೆ ಹತ್ತಬೇಕು?
ಕೆಳಗೇ ಒಂದು ಲೋಟ ಇಟ್ಟಿರ್ತೀನಿ,
ಹೇಳು ಅದಕ್ಕೆ."