ಗೆದ್ವಾ, ಟೀಚರ್?

ಆ ಸದ್ದು ನನಗೆ ಗೊತ್ತು.
ಎಳನೀರು ಕೈಜಾರಿ
ಸಿಮೆಂಟಿನ ಮೇಲೆ ಬಿದ್ದ ಹಾಗೆ:
ಒಡೆಯುವುದಿಲ್ಲ,
ಒಳಗಿನ ನೀರು ಮಾತ್ರ ಬೆಚ್ಚುತ್ತದೆ.

ಕಿತಿಯೋನೆ ಎದ್ದ. ಎದ್ದೇ ಏಳುತ್ತಾರೆ ಈ ಹುಡುಗರು.
ಹದಿನೈದು ವರ್ಷ, ಮೊಣಕಾಲವರೆಗೆ ಕೆಸರು, ಬಿಚ್ಚಿದ ಲೇಸು.
ಎದ್ದು, ನೆಟ್ಟಗೆ ನಡೆದು
ಎದುರಾಳಿಗಳ ಸಾಲಿನಲ್ಲಿ ಹೋಗಿ ನಿಂತ.
ಜನ ನಕ್ಕರು.
ನಾನು ಚೀಲ ಎತ್ತಿಕೊಂಡು ಓಡಿದೆ.

ಚೀಲದಲ್ಲಿ ಏನಿದೆ ಮಹಾ:
ಎರಡು ಸುತ್ತು ಟೇಪು, ಅರ್ಧ ಕರಗಿದ ಐಸು, ಕತ್ತರಿ,
ಸುವಾದ ಎರಡು ದಿನದ ತರಬೇತಿಯಲ್ಲಿ ಕೊಟ್ಟ ಹಳದಿ ಚೀಟಿ.
ಹೊಲಿಗೆ ಕಲಿಸುವವಳು ನಾನು.
ಹರಿದದ್ದನ್ನು ಕೂಡಿಸಲು ಬರುತ್ತದಲ್ಲ ಎಂದು
ನನ್ನನ್ನೇ ಕಳಿಸಿದ್ದರು.
ಇಲ್ಲಿ ಹರಿದದ್ದು ಏನೂ ಕಾಣುತ್ತಿರಲಿಲ್ಲ.

ಕತ್ತು ನೋಯ್ತಾ? ಇಲ್ಲ.
ಇದು ಯಾವ ಊರಿನ ಮೈದಾನ? ಸುಮ್ಮನಿದ್ದ.
ಕೊನೆಯ ಟ್ರೈ ಹೊಡೆದವರು ಯಾರು?
ಒಂದು ಹೆಸರು ಹೇಳಿದ. ಆ ಹುಡುಗ
ಹೋದ ವರ್ಷವೇ ಶಾಲೆ ಬಿಟ್ಟು ಸಕ್ಕರೆ ಮಿಲ್ಲಿಗೆ ಸೇರಿದ್ದಾನೆ.

ಕೈ ಎತ್ತಿದೆ.
ತಗಡಿನ ಮಾಡಿನ ಕೆಳಗಿಂದ ಕೂಗು ಬಂತು,
ಕಿತ್ತಳೆ ಸಿಪ್ಪೆ ಬಂತು, ಅವನ ಚಿಕ್ಕಪ್ಪ ಬಂದ:
ತಲೆಗೆ ನೀರು ಹಾಕಿ ಬಿಡಿ, ಗಂಡು ಹುಡುಗ, ಸರಿಹೋಗ್ತಾನೆ.
ಹನ್ನೊಂದು ನಿಮಿಷ ಉಳಿದಿತ್ತು.
ನಾವು ಎರಡು ಅಂಕ ಹಿಂದೆ.

ಕೋಚು ಅಪೆನಿಸಾ ನನ್ನ ಮುಖ ನೋಡಲಿಲ್ಲ,
ಹುಲ್ಲು ನೋಡುತ್ತ ನಿಂತ.
ಅವನ ಅಣ್ಣ ಎಮೋರಿ, ಇಂಥದ್ದೇ ಒಂದು ಶನಿವಾರ,
ಒಂದು ಪೆಟ್ಟು ತಿಂದು, ತಲೆಗೆ ನೀರು ಹಾಕಿಸಿಕೊಂಡು,
ಒಳಗೆ ಓಡಿ, ಎರಡನೆಯದು ತಿಂದವನು.
ಈಗ ನಲವತ್ತು ದಾಟಿದೆ.
ತಾಯಿ ಇವತ್ತಿಗೂ ಮರಗೆಣಸು ಕಿವುಚಿ ತಿನ್ನಿಸುತ್ತಾಳೆ.
ದೇವರಿಚ್ಛೆ ಅಂದಿತ್ತು ಊರು;
ನೀರು ಹಾಕಿದವರ ಹೆಸರು ಯಾರೂ ಹೇಳಲಿಲ್ಲ.

"ಆಚೆ ಬರಲಿ" ಅಂದ ಅಪೆನಿಸಾ.
ಅಷ್ಟೆ.

ಕಬ್ಬಿನ ಲಾರಿಯೊಂದು ಲಂಬಾಸಾ ಕಡೆ ಹೊರಟಿತ್ತು.
ಡ್ರೈವರು ರಾಮ್‌ಸಮೂಜ್ ಪಕ್ಕದಲ್ಲಿ ಜಾಗ ಮಾಡಿದ,
ಗುಂಡಿ ಕಂಡಲ್ಲೆಲ್ಲ ತುಂಬಿದ ಕೊಡ ಹೊತ್ತವಳ ಹಾಗೆ ಓಡಿಸಿದ.
"ಗೆದ್ವಾ, ಟೀಚರ್?"
ನನಗೆಲ್ಲಿ ಗೊತ್ತು; ಕೊನೆಯ ಸೀಟಿಗೆ ಮೊದಲೇ ಹೊರಟವರು ನಾವು.
ಗೆದ್ವಿ, ಅಂದೆ. ನಕ್ಕ.
ಸೇತುವೆ ಬಂತು. "ಗೆದ್ವಾ, ಟೀಚರ್?"
ಅದೇ ಕಣ್ಣು, ಅದೇ ಆಸೆ,
ಒರೆಸಿದ ಸ್ಲೇಟಿನ ಮೇಲೆ ಮತ್ತೆ ಅದೇ ಅಕ್ಷರ.
ಗೆದ್ವಿ.
ಮೂರನೆಯ ಸಲ, ನಿಜ ಇರಲೂಬಹುದಲ್ಲ ಎಂದು, ಸೋತ್ವಿ ಅಂದೆ.
ಅತ್ತ.
ಮರುನಿಮಿಷ ಅತ್ತದ್ದೂ ಮರೆತ,
ಕೆನ್ನೆ ಯಾಕೆ ಒದ್ದೆ ಎಂದು ಮುಟ್ಟಿ ನೋಡಿಕೊಂಡ.
ಆಮೇಲೆ ನಾನು ಸೋಲಲಿಲ್ಲ.

ಐದು. ಆರು.
ರಾಮ್‌ಸಮೂಜ್ ರೇಡಿಯೋ ಆರಿಸಿದ.
ಆಸ್ಪತ್ರೆಯ ಬೆಂಚಿನಲ್ಲಿ ಒಂಬತ್ತನೆಯ ಸಲ
ಬಾಯಿ ತೆರೆದವನು, ತಡೆದ.
"ಇದನ್ನ... ಆಗಲೇ ಕೇಳಿದ್ನಾ?"

ಕೇಳಿದ್ದೆ ಕಣೋ, ಅಂದೆ.
ಕೈಯಲ್ಲಿದ್ದ ಐಸಿನ ಚೀಲ ಪೂರ್ತಿ ನೀರಾಗಿತ್ತು,
ನನ್ನ ಮಡಿಲೂ.

ಮೊದಲೆರಡು ದಿನ ಅವನ ಕಿಟಕಿಗೆ ಪಂಚೆ ಕಟ್ಟಿದ್ದರು.
ಆಮೇಲೆ ನಡಿಗೆ. ಆಮೇಲೆ ಓಟ, ಚೆಂಡಿಲ್ಲದೆ.
ತಲೆ ಸಿಡಿದರೆ ಒಂದು ಮೆಟ್ಟಿಲು ಕೆಳಗೆ.
ಈಗ ಸಂಜೆ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು
ಜೆರ್ಸಿಗಳ ಅಂಚು ಹೊಲಿಯುತ್ತಾನೆ,
ಓರೆಕೋರೆ, ಬೈಸಿಕೊಳ್ಳುತ್ತ.
ಎರಡೇ ಅಂಕದಲ್ಲಿ ಸೋತದ್ದು ಗೊತ್ತಾಗಿದೆ.

ಚಿಕ್ಕಪ್ಪ ಮಾತ್ರ ದಾರಿಯಲ್ಲಿ ಸಿಕ್ಕರೆ
ಮುಖ ತಿರುಗಿಸುತ್ತಾನೆ.
ತಿರುಗಿಸಲಿ,
ಕತ್ತು ಗಟ್ಟಿ ಇದ್ದವರು.