ಏಳೂವರೆ ಡಿಗ್ರಿ

ನಿಗಮದ ಪತ್ರ ಬಂದದ್ದು ಒಂದು ಶುಕ್ರವಾರ:
ಸದರಿ ಉಪಗ್ರಹದ ಇಂಧನ ಮುಗಿಯುತ್ತ ಬಂದಿರುವ ಪ್ರಯುಕ್ತ
ತಮ್ಮ ವ್ಯಾಪ್ತಿಯ ನಲವತ್ತೆರಡು ತಟ್ಟೆಗಳನ್ನೂ
ಮಾಸಾಂತ್ಯದೊಳಗೆ ಹೊಸದರ ಕಡೆ ತಿರುಗಿಸತಕ್ಕದ್ದು.
ಕೆಳಗೆ ಯಾರದೋ ರುಜು, ಗುಂಡಗೆ,
ಹೊರಟಲ್ಲಿಗೇ ಬಂದು ನಿಂತದ್ದು.

ಬೈಕಿನ ಹಿಂದೆ ಸ್ಪ್ಯಾನರು, ದಿಕ್ಸೂಚಿ, ಮೀಟರು,
ತುಕ್ಕಿಗೆಂದು ಒಂದು ಬಾಟಲಿ ಸೀಮೆಎಣ್ಣೆ.
ಹದಿನೈದು ವರ್ಷದ ಹಿಂದೆ ಇವನ್ನೆಲ್ಲ ಬಿಗಿದವನು ನಾನೇ.
ಬಿಚ್ಚಹೋದರೆ ಆವತ್ತಿನ ನನ್ನ ಕೈ
ಈವತ್ತಿನ ಕೈಯೊಡನೆ ಜಗಳಕ್ಕೆ ನಿಂತಿತು.

ಚಳ್ಳಕೆರೆಯ ಬ್ಯಾಂಕಿನ ಮಾಳಿಗೆಗೆ ಪಕ್ಕದ ಮಿಲ್ಲಿನ ಹಿಂಡಿಯ ವಾಸನೆ.
ತಟ್ಟೆಯ ತುಂಬ ಒಣಹಾಕಿದ ಶೇಂಗಾ.
ಸಿಗ್ನಲ್ ಬರ್ತಿತ್ತೇನಯ್ಯ ಇದರಲ್ಲಿ?
ಬರ್ತಿತ್ತಲ್ಲ ಸಾರ್, ಅಂದ ಜವಾನ ತಿಪ್ಪೇರುದ್ರ,
ಒಂದೊಂದು ಸಲ ಸುಸ್ತಾಗೋದು, ಅಷ್ಟೇಯ.

ರಾಂಪುರದ ಪೆಟ್ರೋಲ್ ಬಂಕಿನಲ್ಲಿ ಕಣಜ ಕಚ್ಚಿತು.

ಫೋನಿನಾಚೆ ಕೇಂದ್ರದ ದನಿ. ಲೂಸಿ ಅಂತ ಹೆಸರು.
ಮುಖ ಕಂಡದ್ದಿಲ್ಲ.
ನಾನಿಲ್ಲಿ ನಟ್ಟು ತಿರುವಿದರೆ ಅದು ಮೇಲೆ ಹೋಗಿ, ಕೆಳಗಿಳಿದು,
ಅವಳ ಪರದೆಯಲ್ಲಿ ಒಂದು ಗೆರೆ ಅಲುಗಬೇಕು.
ಎಪ್ಪತ್ತೊಂದೂವರೆಯಿಂದ ಅರವತ್ತನಾಲ್ಕಕ್ಕೆ. ತಲೆ ತಗ್ಗಿಸಿ.
ಎಡಕ್ಕೆ. ಇನ್ನೊಂಚೂರು. ಅಯ್ಯೋ, ಹೆಚ್ಚಾಯ್ತು.
ಹಾಂ. ಅಲ್ಲೇ. ಉಸಿರಾಡಬೇಡಿ.
ಹದಿನೈದು ವರ್ಷ ನಮ್ಮಿಬ್ಬರ ನಡುವೆ ಇದ್ದ ಮಾತು ಇಷ್ಟೇ,
ಮತ್ತು ಮೂವತ್ತಾರು ಸಾವಿರ ಕಿಲೋಮೀಟರು,
ಹೋಗುತ್ತ ಒಂದು ಸಲ, ಬರುತ್ತ ಒಂದು ಸಲ.

ಮಾರ್ಚ್ ಹದಿನಾಲ್ಕು. ತಳಕಿನ ಆಸ್ಪತ್ರೆ, ಹಳೇ ಎಂಟಡಿ ತಟ್ಟೆ.
ಹನ್ನೆರಡು ದಾಟಿ ಐದು ನಿಮಿಷಕ್ಕೆ
ಪರದೆಯ ಮೇಲಿನ ಡಾಕ್ಟರು ಬಾಯಿ ತೆರೆದವರು ತೆರೆದಂತೇ ನಿಂತರು.
ಸಿಸ್ಟರ್ ಖೈರುನ್ನೀಸಾ ಏದುತ್ತ ಮಾಳಿಗೆ ಹತ್ತಿದರು:
ಏನ್ ಕಿತ್ತ್ರಿ?
ನಾನಿನ್ನೂ ಮುಟ್ಟಿಲ್ಲ ತಾಯಿ. ಇಲ್ಲಿ ನೋಡಿ.

ತಟ್ಟೆಯ ನಟ್ಟನಡುವೆ, ಒಂದು ಕೂದಲೆಳೆ ಆಚೀಚೆಯಾಗದೆ,
ಮೂತಿಯ ನೆರಳು ಕೂತಿತ್ತು,
ಹಣೆಯ ಮೇಲೆ ಬೊಟ್ಟಿನ ಹಾಗೆ.
ಸೂರ್ಯ ಅದರ ಬೆನ್ನಿಗೆ ಬಂದಿದ್ದಾನೆ.
ಕಣ್ಣಿಗೆ ಕಾಣದ್ದು ಇಗೋ ಅಲ್ಲಿದೆ ಅಂತ
ವರ್ಷಕ್ಕೆ ಎರಡು ಸಲ ಬೆರಳಿಟ್ಟು ತೋರಿಸಬಹುದು,
ಅದೂ ನೋಡಲಾಗದ ಬೆಳಕಿನೊಳಗೆ.

ಕೇಸ್ ಪೇಪರು ಹಣೆಗೆ ಅಡ್ಡ ಹಿಡಿದು ಕೇಳಿದರು:
ಇಷ್ಟು ದಿನ ಅದು ನಮ್ಮನ್ನ ನೋಡ್ತಿತ್ತಾ?
ಇಲ್ಲ. ಕೇಳಿಸಿಕೊಳ್ಳುತ್ತಿತ್ತು.
ಕೇಳಿದ್ದನ್ನು ಹಾಗೇ ವಾಪಸು ಹೇಳುತ್ತಿತ್ತು,
ಸ್ವಲ್ಪ ಜೋರಾಗಿ.

ಕೆಳಗೆ ಡಾಕ್ಟರ ಬಾಯಿ ಮುಚ್ಚಿತು. ಮತ್ತೆ ಮಾತಾಡಿತು.

ಕೊನೆಯದು ಕಾವಲಿನ ಅಂಚಿನಲ್ಲಿ,
ಮಳೆ ಗಾಳಿ ಅಳೆಯುವ ಪುಟ್ಟ ಗೂಡಿನ ನೆತ್ತಿಯದು.
ಅದನ್ನು ತಿರುಗಿಸದೆ ಒಂದು ರಾತ್ರಿ ಬಿಟ್ಟೆ.
ಪತ್ರಕ್ಕೆ ವಿರುದ್ಧ, ಗೊತ್ತು.
ದೇವರೆತ್ತುಗಳನ್ನು ರೊಪ್ಪಕ್ಕೆ ಸೇರಿಸಿ ಕಿಲಾರಿ ಪಾಲಯ್ಯ ಬಂದು ಕೂತ,
ಕಂಬಳಿಯೊಳಗಿಂದ ಕಣ್ಣು ಮಾತ್ರ.

ಮುದಿಯಾದ್ ಮ್ಯಾಲೆ ಎಲ್ಲಿಗ್ ಬೀಳ್ತತದು?
ಬೀಳಲ್ಲ. ಉಳಿದ ಎಣ್ಣೆಯಲ್ಲಿ ಮುನ್ನೂರು ಕಿಲೋಮೀಟರ್ ಮೇಲಕ್ಕೆ ತಳ್ಳಿ ಬಿಟ್ಟುಬಿಡ್ತಾರೆ.
ಮಾರಲ್ಲ?
ಇಲ್ಲ.
ಕಡಿಯಲ್ಲ?
ಇಲ್ಲ.
ಹಂಗಾರೆ ಅದೂ ದೇವರೆತ್ತೇ ಬಿಡು.
ನೊಗ ಹೊತ್ತದ್ದು, ಅಂದೆ.
ಪಾಲಯ್ಯ ಬಹಳ ಹೊತ್ತು ಯೋಚಿಸಿದ. ಬೀಡಿ ತಾನೇ ಆರಿತು.

ಮೀಟರಿನ ಪರದೆಯಲ್ಲಿ ಒಂದೇ ಒಂದು ಕಡ್ಡಿ, ನೆಟ್ಟಗೆ.
ಅದರ ಬುಡಕ್ಕೆ ಸದಾ ಮಿಸುಕುವ ಗದ್ದಲದ ಕುಚ್ಚು.
ನಮ್ಮ ಕಸುಬಿನಲ್ಲಿ ಅದನ್ನು ಹುಲ್ಲು ಅನ್ನುತ್ತೇವೆ.

ನಾಲ್ಕೂ ಇಪ್ಪತ್ತಕ್ಕೆ ಲೂಸಿಯ ಸಂದೇಶ:
ಈಗ.
ಕಡ್ಡಿ ಬಾಗಲಿಲ್ಲ, ಕುಗ್ಗಲಿಲ್ಲ.
ಇತ್ತು. ಇಲ್ಲ.
ಈ ಅಂಚಿನಿಂದ ಆ ಅಂಚಿಗೆ ಹುಲ್ಲು.

ಪಾಲಯ್ಯ ಬಗ್ಗಿ ನೋಡಿದ.
ಒಳ್ಳೆ ಮೇವೈತೆ, ಅಂದ.